ಮಾವನ ಕಬ್ಬಿಣವಿಲ್ಲದ ಕತ್ತಿಗಳು

ನಮ್ಮ ಮಾವನ ಎದುರು ಗಡ್ಡ ಬಿಟ್ಟುಕೊಂಡು ಕೂರಬೇಡಿ. ಕೂತರೆ ಅವರು ನಿಮ್ಮನ್ನು ಮನುಷ್ಯ ಎಂದು ನೋಡುವುದಿಲ್ಲ, ಪ್ರಯೋಗಾಲಯ ಎಂದು ನೋಡುತ್ತಾರೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ತಲೆ ಓರೆ ಮಾಡಿ, ನಿಮ್ಮ ಕೆನ್ನೆಯ ಮೇಲೆ ಬೆರಳಾಡಿಸಿ, "ಒಳ್ಳೆ ಗಡ್ಡ ಮಾರಾಯ. ತೆಗೆಸಿಬಿಡಬೇಡ, ನನಗೆ ಬೇಕು" ಎನ್ನುತ್ತಾರೆ. ಬಸಳೆಯ ಕಟ್ಟನ್ನು ಮುಂಗಡ ಹೇಳಿಟ್ಟು ಹೋಗುವ ಗಿರಾಕಿಯ ಹಾಗೆ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ನಗರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾರೆ. ವಯಸ್ಸು ಐವತ್ತು ದಾಟಿದೆ. ಮದುವೆಯಾಗಿಲ್ಲ. ಯಾಕೆ ಎಂದು ಕೇಳಿದರೆ, ಕೆಲವು ಧಾತುಗಳು ಯಾವುದರ ಜೊತೆಯೂ ಸೇರುವುದಿಲ್ಲ, ಅವುಗಳಿಗೂ ಪ್ರಪಂಚದಲ್ಲಿ ಜಾಗ ಉಂಟು ಎಂದು ಪಾಠ ಮಾಡುತ್ತಾರೆ. ಯಾವ ಮಾತಿನ ಕೊನೆಗೂ "ತಾತ್ಪರ್ಯ ಎಂತ?" ಎಂದು ಕೇಳುವುದು ಅವರ ಅಭ್ಯಾಸ. ಸಾರಿಗೆ ಉಪ್ಪು ಕಡಿಮೆಯಾದರೂ ಅಷ್ಟೆ, ಕರೆಂಟು ಹೋದರೂ ಅಷ್ಟೆ. ನಾನು ಹಂಪನಕಟ್ಟೆಯ ಒಂದು ವಿಮಾ ಕಚೇರಿಯಲ್ಲಿ ಕೆಲಸ ಮಾಡುವವನು, ಉಳಿದ ಹೊತ್ತಿನಲ್ಲಿ ಮದುವೆ ಮನೆಗಳ ವೇದಿಕೆ ಹತ್ತಿ ಮಿಮಿಕ್ರಿ ಮಾಡುವವನು. ಮಾವನ ಆ ತಾತ್ಪರ್ಯವನ್ನು ನಾನು ಎಷ್ಟು ಊರುಗಳಲ್ಲಿ ಮಾರಿಕೊಂಡಿದ್ದೇನೆ ಎಂದರೆ, ಅವರಿಗೆ ರಾಯಧನ ಕೊಡಬೇಕು. ಹೀಗೆ ಎಲ್ಲರ ಸ್ವರ ಕದ್ದು ಕದ್ದು ನನ್ನ ಸ್ವಂತ ಸ್ವರ ಯಾವುದು ಎಂಬುದರಲ್ಲಿ ಈಗ ನನಗೇ ಸಂಶಯ. ಫೋನಿನಲ್ಲಿ ಅಮ್ಮ ಮೊದಲು ಕೇಳುವುದು, "ಈಗ ಯಾರು ಮಾತಾಡುವುದು?" ಎಂದು.

ಉರ್ವದ ನಮ್ಮ ಮನೆಯಲ್ಲಿ ಇರುವುದು ಅಜ್ಜ, ಮಾವ, ಅಮ್ಮ, ನಾನು. ಅಪ್ಪ ಮಸ್ಕತ್‌ನಲ್ಲಿ. ಮನೆಯ ಮಾತು ತುಳು. ನಿಮಗೋಸ್ಕರ ಕನ್ನಡ ಮಾಡಿ ಹೇಳುತ್ತಿದ್ದೇನೆ.

ಕತ್ತಿಗಳ ಹುಚ್ಚು ಮಾವನಿಗೆ ಹುಟ್ಟಿನಿಂದ ಬಂದದ್ದಲ್ಲ. ಅದಕ್ಕೆ ಕಾರಣ ಅಜ್ಜ. ಅಜ್ಜ ಬಹಳ ಕಾಲ ಇಲ್ಲೇ ಹತ್ತಿರದ ಒಂದು ದೇವಸ್ಥಾನದಲ್ಲಿ ಅರ್ಚಕರಾಗಿದ್ದವರು. ಅವರ ಮುಖವೆಂದರೆ ತೊಳೆದ ಬಾಳೆಎಲೆ, ಅಷ್ಟು ನುಣುಪು. ಮಡಚುವ ಉಕ್ಕಿನ ಕತ್ತಿಯಿಂದ, ಕನ್ನಡಿಯೂ ಇಲ್ಲದೆ, ಬಾಯಲ್ಲಿ ಸ್ತೋತ್ರ ಹೇಳುತ್ತಾ ಮುಖಕ್ಷೌರ ಮಾಡಿಕೊಳ್ಳುತ್ತಿದ್ದರು. ಸ್ತೋತ್ರ ಮುಗಿಯುವುದೂ ಗಡ್ಡ ಮುಗಿಯುವುದೂ ಒಟ್ಟಿಗೆ.

ಈಗ ಕೆಲವು ವರ್ಷಗಳಿಂದ ಅವರಿಗೆ ಒಂದೊಂದೇ ಮರೆತುಹೋಗುತ್ತಿದೆ. ಮೊದಲು ಬೀಗದ ಕೈ, ಆಮೇಲೆ ನೆರೆಮನೆಯವರು, ಆಮೇಲೆ ನಾನು. ನನ್ನನ್ನು ಮರೆತದ್ದಕ್ಕೆ ನನಗೆ ಬೇಸರವಿಲ್ಲ. ನೆನಪಿಟ್ಟುಕೊಂಡವರಿಗೆ ಆದ ಲಾಭವೂ ಅಷ್ಟರಲ್ಲೇ ಉಂಟು. ಅಮ್ಮನನ್ನು 'ಮಗಳು' ಎಂದು ಒಮ್ಮೊಮ್ಮೆ ಗುರುತಿಸುತ್ತಾರೆ. ಮಾವನನ್ನು ಮಾತ್ರ ಪೂರ್ತಿ ಬಿಟ್ಟರು. ಬೆಳಿಗ್ಗೆ ಕಾಫಿ ತಂದುಕೊಟ್ಟ ಮಗನನ್ನು ನೋಡಿ ಎದ್ದು ನಿಲ್ಲಲು ಹೋಗಿ, "ನಿಮಗೆ ತೊಂದರೆ ಆಯ್ತು" ಎನ್ನುತ್ತಾರೆ. ಹೆತ್ತ ಅಪ್ಪನ ಬಾಯಿಂದ 'ನೀವು' ಎಂದು ಕರೆಸಿಕೊಳ್ಳುವ ಮರ್ಯಾದೆ ಯಾರಿಗೂ ಬೇಡ. ಮಾವ ಪ್ರತಿಸಲ, "ತೊಂದರೆ ಎಂತದು, ಇದೇ ದಾರಿಯಲ್ಲಿ ಹೋಗುವವ" ಎಂದು ಹೇಳಿ ಒಳಗೆ ಬರುತ್ತಾರೆ. ಒಳಗೆ ಬಂದವರು ಸ್ವಲ್ಪ ಹೊತ್ತು ಸಕ್ಕರೆ ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಲೇ ಇರುತ್ತಾರೆ.

ಹೋದ ಮಳೆಗಾಲದಲ್ಲಿ ಅಜ್ಜ ಕ್ಷೌರವನ್ನು ನಿಲ್ಲಿಸಿದರು. ಗಡ್ಡ ಬೆಳೆಯಿತು. ಗಡ್ಡದ ಅಡಿಯಲ್ಲಿ ಚರ್ಮಕ್ಕೆ ಏನೋ ಎದ್ದಿತು. ಕೆರೆದುಕೊಂಡು ಕೆರೆದುಕೊಂಡು ಹುಣ್ಣಾಗಿ ದಿಂಬಿನ ಮೇಲೆ ರಕ್ತದ ಕಲೆ. ಡಾಕ್ಟರರು ನೋಡಿ ಹೇಳಿದ್ದು ಒಂದೇ ಮಾತು: "ಮುಲಾಮು ಚರ್ಮಕ್ಕೆ ತಾಗಬೇಕಲ್ಲ? ಮೊದಲು ಗಡ್ಡ ತೆಗೆಯಿರಿ. ಈ ಪ್ರಾಯದಲ್ಲಿ ನಂಜು ಏರಿದರೆ ಕಷ್ಟ."

ಹೇಳುವುದು ಸುಲಭ. ಕ್ಷೌರಿಕರನ್ನು ಮನೆಗೆ ಕರೆಸಿದೆವು; ಅಜ್ಜ ಅವರ ಕೈಗೆ ಒಂದು ತುಳಸಿದಳ ಕೊಟ್ಟು, ಒಳ್ಳೆಯದಾಗಲಿ ಎಂದು ಹರಸಿ ಕಳಿಸಿದರು. ಕರೆಂಟಿನ ಯಂತ್ರ ತಂದೆವು. ಅದರ ಗುಂಯ್ ಶಬ್ದಕ್ಕೆ ಹೆಜ್ಜೇನು ಎದ್ದಿತೆಂದು ಹೆದರಿ ಅಂಗಳಕ್ಕೆ ಓಡಿದರು. ಒಂದು ಮಧ್ಯಾಹ್ನ ಅವರು ನಿದ್ದೆಯಲ್ಲಿದ್ದಾಗ ಮಾವ ಮೆಲ್ಲನೆ ಕತ್ತರಿ ಆಡಿಸಿದರು. ಎಚ್ಚರವಾದ ಅಜ್ಜ ಕೆನ್ನೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು, ಯಾರಿಗೋ ದೊಡ್ಡ ಅಪಾಯ ಆಗಿಹೋಯಿತು ಎನ್ನುವಂತೆ, ದಿನವಿಡೀ ಅತ್ತರು. ಅವರಿಗೆ ಗೊತ್ತಿಲ್ಲದೆ ಇನ್ನು ಏನೂ ಮಾಡುವುದಿಲ್ಲ ಎಂದು ಮಾವ ಅವತ್ತೇ ನಿಶ್ಚಯಿಸಿದರು.

ಕೊನೆಗೆ ಅವರ ಹಳೆಯ ಕತ್ತಿಯನ್ನೇ ಮಸೆದು ಎದುರು ಹಿಡಿದಾಗ ಅಜ್ಜ ಮಾವನ ಮಣಿಕಟ್ಟನ್ನು ಹಿಡಿದುಕೊಂಡು ಸಮಾಧಾನದಿಂದ ಹೇಳಿದರು: "ಕಬ್ಬಿಣ ಬೇಡ."

ಬೇರೆ ಯಾರಾದರೂ ಆಗಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದರು. ನಮ್ಮ ಮಾವನ ಮುಖದಲ್ಲಿ ದೀಪ ಹತ್ತಿತು.

"ಕೇಳಿದಿಯಾ?" ಎಂದರು ನನ್ನ ಹತ್ತಿರ. "ಅಪ್ಪ ಕ್ಷೌರ ಬೇಡ ಅನ್ನಲಿಲ್ಲ. ಕತ್ತಿ ಬೇಡ ಅನ್ನಲಿಲ್ಲ. ಕಬ್ಬಿಣ ಬೇಡ ಅಂದ್ರು. ತಾತ್ಪರ್ಯ ಎಂತ?"

"ಎಂತ?"

"ಬೇರೆ ಪದಾರ್ಥ."

ಅಮ್ಮ ಅಡಿಗೆಮನೆಯಿಂದಲೇ, "ಚರ್ಮಕ್ಕೆ ಮದ್ದು ಹಚ್ಚಿದರೆ ಸಾಕಲ್ಲ, ಹತ್ತಿಯಲ್ಲಿ ಅದ್ದಿ ಮೇಲಿಂದ ಮೇಲೆ..." ಎಂದಳು.

"ಚರ್ಮದ ಮಾತು ಡಾಕ್ಟ್ರದ್ದು ಅಕ್ಕ," ಎಂದರು ಮಾವ. "ನನಗೆ ಅಪ್ಪನ ಮುಖ ಬೇಕು. ಅಷ್ಟೆ."

ಮೊದಲನೆಯ ಪದಾರ್ಥ ಮರುವಾಯಿ. ಹೊಳೆಯಲ್ಲಿ ಸಿಗುವ ಚಿಪ್ಪಿನ ಜೀವಿ. ಯಾವುದೋ ದ್ವೀಪದ ಜನ ಚಿಪ್ಪಿನಲ್ಲೇ ಗಡ್ಡ ತೆಗೆಯುತ್ತಿದ್ದರಂತೆ ಎಂದು ಮಾವ ಎಲ್ಲೋ ಓದಿದ್ದರು. ಜನಿವಾರ ಕಾಣುವ ಬಿಳಿ ಅಂಗಿ ತೊಟ್ಟು, ಅರ್ಚಕರ ಮಗ, ಸೀದಾ ಉರ್ವ ಮಾರ್ಕೆಟ್ಟಿನ ಮೀನಿನ ಸಾಲಿಗೆ ಹೊಕ್ಕರು. ನಾನು ಸ್ಕೂಟರಿನ ಹತ್ತಿರ ನಿಂತು, ಇವರ ಪರಿಚಯವೇ ಇಲ್ಲದವನ ಅಭಿನಯ ಮಾಡುತ್ತಿದ್ದೆ. ನನ್ನ ಕಲಾಜೀವನದ ಅತ್ಯುತ್ತಮ ಅಭಿನಯ.

"ಭಟ್ರೇ, ದಾರಿ ತಪ್ಪಿತಾ?" ಎಂದು ಕೇಳಿದಳು ಬುಟ್ಟಿಯ ಹಿಂದೆ ಕೂತ ಹೆಂಗಸು. "ತರಕಾರಿ ಆಚೆ ಬದಿ."

"ಇಲ್ಲ, ಇಲ್ಲಿಗೇ ಬಂದದ್ದು. ಮರುವಾಯಿ ಉಂಟಾ?"

ಆಕೆ ಆಚೀಚೆ ನೋಡಿ ಸ್ವರ ತಗ್ಗಿಸಿದಳು. "ಉಂಟು. ಎಷ್ಟು ಬೇಕು?"

"ನನಗೆ ಚಿಪ್ಪು ಮಾತ್ರ ಸಾಕು. ಒಳಗಿನದ್ದು ನೀವೇ ಇಟ್ಕೊಳ್ಳಿ."

"ಎಲ್ಲರೂ ಹಾಗೆ ಹೇಳಿಯೇ ಶುರು ಮಾಡುವುದು ಭಟ್ರೇ."

ಸಂಜೆಯೊಳಗೆ ಸುದ್ದಿ ಉರ್ವ ದಾಟಿತ್ತು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ, ಬಹಳ ಗೌರವದಿಂದ, "ನಿಮ್ಮಲ್ಲಿ ಗಸಿ ಮಾಡುವುದಾ, ಸುಕ್ಕ ಮಾಡುವುದಾ?" ಎಂದು ಅಮ್ಮನನ್ನು ಕೇಳಿದರು. ಅಮ್ಮ ಒಳಗೆ ಬಂದು, "ಆ ಚಿಪ್ಪು ಅಡಿಗೆಮನೆಯ ಹೊಸಿಲು ದಾಟಿದರೆ ನಾನು ಈ ಮನೆಯ ಹೊಸಿಲು ದಾಟ್ತೇನೆ" ಎಂದಳು. ಮಾವ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ಕೂತು ಚಿಪ್ಪನ್ನು ಸಾಣೆಕಲ್ಲಿಗೆ ತಿಕ್ಕಿ ತಿಕ್ಕಿ ಅಂಚು ತಂದರು. ಪರೀಕ್ಷೆಗೆ ನನ್ನನ್ನು ಕೂರಿಸಿದರು.

"ನನ್ನ ಮೇಲೆ ಯಾಕೆ ಮಾವ? ನಿಮಗೂ ಗಡ್ಡ ಉಂಟಲ್ಲ?"

"ಪರೀಕ್ಷಕನೂ ಪರೀಕ್ಷಾವಸ್ತುವೂ ಒಬ್ಬನೇ ಆಗಬಾರದು. ಅಲ್ಲದೆ ನಿನ್ನ ಚರ್ಮ ದಪ್ಪ."

"ಮುಖದ್ದಾ?"

"ಒಟ್ಟಾರೆ."

ಚಿಪ್ಪು ನನ್ನ ಕೆನ್ನೆಯ ಮೇಲೆ ಕೆರ್ ಕೆರ್ ಎಂದು ಇಳಿಯಿತು. "ಹೇಗುಂಟು?" ಎಂದು ಕೇಳಿದರು. ಹೆರೆಮಣೆಯ ಮೇಲೆ ಕೂತ ತೆಂಗಿನಕಾಯಿಗೆ ಹೇಗಾಗುತ್ತದೆ ಎಂದು ಈಗ ತಿಳಿಯಿತು ಎಂದೆ. ಅದೇ ಚಿಪ್ಪನ್ನು ಇನ್ನಷ್ಟು ನಯ ಮಾಡಿ, ಬಿಸಿನೀರಿನಲ್ಲಿ ತೊಳೆದು, ಅಜ್ಜನ ಎದುರು ಹಿಡಿದರು. ಅಜ್ಜ ಒಮ್ಮೆ ಮೂಸಿ ನೋಡಿ ಮುಖ ತಿರುಗಿಸಿದರು. ಮಕ್ಕಳ ಹೆಸರು ಮರೆತ ಆ ಮೂಗಿಗೆ ಮಡಿಯ ನೆನಪು ಗಟ್ಟಿಯಾಗಿತ್ತು.

ಬಿದಿರಿನದ್ದು ಚಿಕ್ಕ ಕಥೆ. ಸೀಳಿದ ಬಿದಿರಿನ ಅಂಚು ಹಸಿ ಇದ್ದಾಗ ಬ್ಲೇಡಿನ ಹಾಗಿರುತ್ತದೆ ಎಂಬುದು ನಿಜ. ನನ್ನ ಮುಖದಲ್ಲಿ ಗಡ್ಡ ಹಾಗೆಯೇ ಉಳಿಯಿತು, ಚರ್ಮ ಹೋಯಿತು. "ಅರ್ಧ ಯಶಸ್ಸು," ಎಂದರು ಮಾವ.

ಪದಾರ್ಥದ ಜೊತೆ ಪಂಚಾಂಗದ ಕಾಟ ಬೇರೆ. ಮಂಗಳವಾರ ಕ್ಷೌರ ಆಗುವುದಿಲ್ಲ, ಶುಕ್ರವಾರ ಆಗುವುದಿಲ್ಲ, ಶನಿವಾರ ಇಲ್ಲವೇ ಇಲ್ಲ. ಏಕಾದಶಿ, ಅಮಾವಾಸ್ಯೆ, ಸಂಕ್ರಮಣ ಕಳೆದರೆ ಉಳಿಯುವುದೇ ಬೆರಳೆಣಿಕೆ ದಿನ. ಆ ದಿನ ಅಜ್ಜ ಪ್ರಸನ್ನರಾಗಿರಬೇಕು. ಮಾವನಿಗೆ ಕ್ಲಾಸು ಇರಬಾರದು. ನಾನು ತಪ್ಪಿಸಿಕೊಂಡು ಓಡಿರಬಾರದು. ಒಮ್ಮೆ ಎಲ್ಲ ಕೂಡಿಬಂದ ಹಾಗಾಗಿ, ಬಿಸಿನೀರು ಕಾಯಿಸಿ, ಅಜ್ಜನನ್ನು ಕುರ್ಚಿಯಲ್ಲಿ ಕೂರಿಸಿ, ಹೆಗಲಿಗೆ ಮೈ ಒರೆಸುವ ಬೈರಾಸು ಹೊದೆಸಿದ್ದಾಯಿತು. ಅಜ್ಜ ಆಕಾಶ ನೋಡಿ ಬೆರಳು ಮಡಚಿ, "ಇವತ್ತು ಏಕಾದಶಿ ಅಲ್ವಾ?" ಎಂದರು. ಇವರಿಗೆಲ್ಲಿ ಗೊತ್ತು, ಯಾವ ವರ್ಷದ ಏಕಾದಶಿಯೋ ಎಂದು ನಾವು ನಕ್ಕೆವು. ಅಮ್ಮ ಕ್ಯಾಲೆಂಡರ್ ನೋಡಿದಳು. ಏಕಾದಶಿ.

ಮೂರನೆಯದು ಕಪ್ಪು ಗಾಜುಕಲ್ಲು. ಜ್ವಾಲಾಮುಖಿಯ ಬೆಂಕಿ ತಣ್ಣಗಾಗಿ ಗಾಜಾದದ್ದು ಎಂದು ಮಾವ ವಿವರಿಸಿದರು. ಆನ್‌ಲೈನಿನಲ್ಲಿ ತರಿಸಿದ್ದರು. ಉಕ್ಕಿನ ಕತ್ತಿಗಿಂತ ಎಷ್ಟೋ ಹರಿತ, ಆದರೆ ಬಿದ್ದರೆ ಪುಡಿ. "ನಮ್ಮ ಮನೆಯವರ ಸ್ವಭಾವ," ಎಂದಳು ಅಮ್ಮ. ನಾನು ಕಣ್ಣು ಮುಚ್ಚಿ ಕೂತೆ. ಆಶ್ಚರ್ಯ, ಏನೂ ನೋವಿಲ್ಲ. ಗಾಳಿ ಸವರಿದ ಹಾಗೆ. ನಾನು ಮಾವನಿಗೆ ಕೈ ಮುಗಿದು, ಸಂತೋಷದಿಂದ ಅಂಗಿ ಹಾಕಿಕೊಂಡು ಕಚೇರಿಗೆ ಹೊರಟೆ. ಸಿಟಿ ಬಸ್ಸಿನಲ್ಲಿ ಹೆಂಗಸರು ಎದ್ದು ಜಾಗ ಕೊಟ್ಟರು. ಕಂಡಕ್ಟರ್ ಟಿಕೆಟ್ ಕೇಳಲಿಲ್ಲ. "ಕೂತ್ಕೊಳ್ಳಿ ಅಣ್ಣ, ಆಸ್ಪತ್ರೆಯ ಹತ್ತಿರ ನಿಲ್ಲಿಸ್ತೇನೆ" ಎಂದ. ಆಮೇಲೆ ಕನ್ನಡಿಯಲ್ಲಿ ನೋಡಿದರೆ ಅಂಗಿಯ ಕಾಲರು ಪೂರ್ತಿ ಕೆಂಪು. ಅಷ್ಟು ಹರಿತವಾದದ್ದು ಗಾಯ ಮಾಡಿದ ಸುದ್ದಿಯನ್ನೂ ಚರ್ಮಕ್ಕೆ ಕೊಡುವುದಿಲ್ಲ ಎಂದು ಮಾವ ಸಂಜೆ ತಾತ್ಪರ್ಯ ಹೇಳಿದರು. ಅಜ್ಜನ ತೆಳು ಚರ್ಮದ ಹತ್ತಿರ ಅದನ್ನು ಒಯ್ಯುವ ಧೈರ್ಯ ಅವರಿಗೆ ಬರಲಿಲ್ಲ.

ಇಷ್ಟರಲ್ಲಿ ಅಜ್ಜನ ಕೆನ್ನೆಯ ಹುಣ್ಣು ಕುತ್ತಿಗೆಗೆ ಇಳಿದಿತ್ತು. ಮಲಗುವ ಮೊದಲು ಮಾವ ಅವರ ಒಂದೊಂದು ಬೆರಳಿಗೂ ಹತ್ತಿಬಟ್ಟೆ ಸುತ್ತಿ ದಾರ ಕಟ್ಟುತ್ತಿದ್ದರು, ಕೆರೆದುಕೊಳ್ಳದ ಹಾಗೆ. "ನೀವು ಯಾರ ಮನೆಯವರು? ಬಹಳ ಉಪಕಾರ," ಎನ್ನುತ್ತಿದ್ದರು ಅಜ್ಜ. ಮಾವ ಗಂಟು ಬಿಗಿಯಾಯಿತೇ ಎಂದು ನೋಡುವ ನೆಪದಲ್ಲಿ ತಲೆ ಬಗ್ಗಿಸಿಯೇ ಇರುತ್ತಿದ್ದರು.

ಕತ್ತಿಗಳು ಸೋತ ಮೇಲೆ ನಾನು ನನ್ನ ವಿದ್ಯೆ ತೋರಿಸಲು ಹೊರಟೆ. ಅಜ್ಜ ಹೆದರುತ್ತಿದ್ದುದು ಪ್ರಪಂಚದಲ್ಲಿ ಒಬ್ಬರಿಗೆ ಮಾತ್ರ: ದೇವಸ್ಥಾನದ ಹಿಂದಿನ ಮೊಕ್ತೇಸರರಿಗೆ. ತೀರಿಹೋಗಿ ಎಷ್ಟೋ ಕಾಲವಾದ ಅವರ ಸ್ವರವನ್ನು ನಾನು ಚಿಕ್ಕಂದಿನಲ್ಲಿ ಕೇಳಿದ್ದೆ. ಮೂಗಿನಲ್ಲಿ ಅರ್ಧ, ಗಂಟಲಲ್ಲಿ ಅರ್ಧ. ಕಿಟಕಿಯ ಹೊರಗೆ ನಿಂತು ಶುರು ಮಾಡಿದೆ.

"ಭಟ್ರೇ! ನಾಳೆ ದೇವಸ್ಥಾನದಲ್ಲಿ ವಿಶೇಷ ಉಂಟು. ಈ ಗಡ್ಡ ಎಂತದು? ತೆಗೆಯಿರಿ."

ಒಳಗೆ ಅಜ್ಜ ದಡಬಡ ಎದ್ದು ನಿಂತ ಸದ್ದು. ಕೆಲಸ ಆಯಿತು ಎಂದುಕೊಂಡೆ. ಅಜ್ಜ ಕಿಟಕಿಯ ಹತ್ತಿರ ಬಂದರು. ಮೊಕ್ತೇಸರರ ಎದುರು ಯಾವತ್ತೂ ತಲೆ ಎತ್ತದವರು, ಕಣ್ಣು ತಗ್ಗಿಸಿ, ಹೊಸ ಮದುಮಗನ ಹಾಗೆ ನಾಚಿ ನಕ್ಕರು.

"ನಿಮಗೆ ಗೊತ್ತೇ ಉಂಟಲ್ಲ ಮೊಕ್ತೇಸರ್ರೇ," ಎಂದರು. ಆಮೇಲೆ ಕಾಳಜಿಯಿಂದ, "ನಿಮ್ಮ ಸ್ವರ ಹಾಳಾಗಿದೆ. ಕಷಾಯ ಕುಡಿಯಿರಿ."

ನನ್ನ ಮಿಮಿಕ್ರಿಗೆ ಸಿಕ್ಕಿದ ವಿಮರ್ಶೆಗಳಲ್ಲಿ ಅದೇ ಪ್ರಾಮಾಣಿಕ.

ಆಗ ಬಂತು ಕಂಚು. ಮಾವ ಎದೆಯುಬ್ಬಿಸಿ ತಂದ ಕತ್ತಿ. ತಾಮ್ರ, ತವರ, ಅಷ್ಟೆ. ಕಬ್ಬಿಣದ ಕಣವೂ ಇಲ್ಲ. ಕಬ್ಬಿಣ ಗೊತ್ತಿಲ್ಲದ ಕಾಲದಲ್ಲಿ ರಾಜರಿಗೆ ಇದರಲ್ಲೇ ಕ್ಷೌರ ಎಂದರು. ಪಾತ್ರೆ ಎರಕ ಹೊಯ್ಯುವವರಲ್ಲಿ ಹೇಳಿ, ಎರಡು ಸಲ ತಿದ್ದಿಸಿ, ಅಂಗೈಯಗಲದ ಕತ್ತಿ ಮಾಡಿಸಿದ್ದರು. ಚಿನ್ನದ ಹಾಗೆ ಹೊಳೆಯುತ್ತಿತ್ತು. "ಅಪ್ಪನ ಕೈಯಲ್ಲಿ ಜೀವಮಾನವಿಡೀ ಇದ್ದ ಲೋಹ ಇದು. ಗಂಟೆ, ತಟ್ಟೆ, ಆರತಿ ಎಲ್ಲ. ಇದನ್ನು ಬೇಡ ಅನ್ನುವುದಿಲ್ಲ."

ಬೇಡ ಅನ್ನಲಿಲ್ಲ. ಎರಡೂ ಕೈಯೊಡ್ಡಿ ತೆಗೆದುಕೊಂಡರು. ಕಣ್ಣಿಗೆ ಒತ್ತಿಕೊಂಡರು. ನಾವು ನೋಡುತ್ತಿದ್ದಂತೆ, ಎದ್ದು ದೇವರ ಕೋಣೆಗೆ ಹೋಗಿ, ಕತ್ತಿಯನ್ನು ಪೀಠದ ಮೇಲಿಟ್ಟು, ನೀರು ಬಿಟ್ಟು, ಗಂಧ ತೇಯಲು ಕೂತರು. ತುತ್ತು ಎತ್ತುವಾಗ ನಡುಗುವ ಆ ಕೈ ಒಂದಿಷ್ಟೂ ನಡುಗಲಿಲ್ಲ. ಮಂತ್ರದಲ್ಲಿ ಒಂದು ಅಕ್ಷರ ತಪ್ಪಲಿಲ್ಲ. ಹೂ ಏರಿಸಿ, ಆರತಿ ಎತ್ತಿ, ಮಾವನ ಕಡೆಗೆ ತಿರುಗಿ, "ತೀರ್ಥ ತಕ್ಕೊಳ್ಳಿ" ಎಂದರು. ಮಾವ ಕೈಯೊಡ್ಡಿದರು. ಕ್ಷೌರದ ಕತ್ತಿಯ ತೀರ್ಥ ಕುಡಿದ ರಸಾಯನಶಾಸ್ತ್ರದ ಉಪನ್ಯಾಸಕ ಭೂಮಿಯ ಮೇಲೆ ಇವರೊಬ್ಬರೇ ಇರಬೇಕು. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಎಷ್ಟೋ ತಿಂಗಳ ಮೇಲೆ ಆ ಮನುಷ್ಯ ತನಗೆ ಗೊತ್ತಿರುವ ಜಾಗಕ್ಕೆ ಹೋಗಿ ಕೂತಿದ್ದರು. ಅಲ್ಲಿಂದ ಎಬ್ಬಿಸಿ ಗಡ್ಡಕ್ಕೆ ಸೋಪು ಹಚ್ಚುವುದು ಯಾರಿಂದಲೂ ಆಗಲಿಲ್ಲ.

ಆ ವಾರ ಅಜ್ಜನಿಗೆ ಜ್ವರ ಬಂತು. ಡಾಕ್ಟರರು ಕುತ್ತಿಗೆ ಮುಟ್ಟಿ ನೋಡಿ, "ಮಾತ್ರೆ ಬರೆದಿದ್ದೇನೆ. ಆದರೆ ಇನ್ನು ತಡ ಮಾಡಬೇಡಿ," ಎಂದರು.

ಕೊನೆಯ ಆಸೆ ಪಿಂಗಾಣಿಯ ಕತ್ತಿ. ಬೆಳ್ಳಗೆ, ಹಗುರ, ತುಕ್ಕಿಲ್ಲ, ಹೊಳಪೂ ಇಲ್ಲ. ಅದನ್ನು ತರಿಸಿಕೊಟ್ಟವನು ನನ್ನ ಗೆಳೆಯ ರೋಶನ್. ಬಿಕರ್ನಕಟ್ಟೆಯವನು, ಬಜಪೆಯ ವಿಮಾನ ನಿಲ್ದಾಣದಲ್ಲಿ ಸರಕಿನ ವಿಭಾಗದಲ್ಲಿ ಕೆಲಸ, ಕುವೈತಿನಿಂದ ಬಂದ ಅವನ ಅತ್ತೆಯ ಪೆಟ್ಟಿಗೆಯಲ್ಲಿ ಕತ್ತಿಯೂ ಬಂತು. ರೋಶನ್‌ನಿಗೆ ಎದೆ ಮುಟ್ಟುವ ಗಡ್ಡ. ಅವನಿಗೊಂದು ಹುಡುಗಿ ಸಿಗಲಿ ಎಂದು ಅವನ ತಾಯಿ ತಪ್ಪದೆ ಪುಣ್ಯಕ್ಷೇತ್ರಕ್ಕೆ ಹೋಗಿ ಮೊಂಬತ್ತಿ ಹಚ್ಚಿ ಬರುತ್ತಾರೆ. ಪ್ರಾರ್ಥನೆ ಮುಟ್ಟುತ್ತದೆ, ಹುಡುಗಿಯ ಮನೆಯವರಿಗೆ ಮಾತ್ರ ಆ ಗಡ್ಡದ ಹಿಂದೆ ವರ ಎಲ್ಲಿದ್ದಾನೆಂದು ತಿಳಿಯುವುದಿಲ್ಲ.

ಭಾನುವಾರ ಮಧ್ಯಾಹ್ನ ಅವನು ಬಂದಾಗ ಅಜ್ಜ ಜಗಲಿಯ ಬೆಂಚಿನಲ್ಲಿದ್ದರು. ಜ್ವರ ಇಳಿದಿತ್ತು. ರೋಶನ್‌ನನ್ನು ಕಂಡದ್ದೇ ಅವರ ಮುಖ ಅರಳಿತು. ಪಕ್ಕಕ್ಕೆ ಸರಿದು ಜಾಗ ಮಾಡಿ ಕೂರಿಸಿಕೊಂಡರು. ಅವನ ಗಡ್ಡವನ್ನು ಪ್ರೀತಿಯಿಂದ ನೋಡಿದರು.

"ಎಷ್ಟನೆಯ ತಿಂಗಳು?" ಎಂದು ಕೇಳಿದರು.

"ಎಂತ ಅಜ್ಜ?"

"ನಾಚಿಕೆ ಎಂತಕ್ಕೆ? ಮನೆಯವಳಿಗೆ ಎಷ್ಟನೆಯ ತಿಂಗಳು?"

ರೋಶನ್ ನನ್ನ ಕಡೆ ತಿರುಗಿದ. "ಇವರಿಗೆ ಯಾರು ಎಂತ ಹೇಳಿದ್ದು? ನನಗೆ ಹುಡುಗಿಯೇ ಸಿಗಲಿಲ್ಲ ಮಾರಾಯ."

ನಾನು ಬೆಂಚಿನಿಂದ ಕೆಳಗೆ ಬೀಳುವಷ್ಟು ನಕ್ಕೆ. ಕತ್ತಿಯ ಪೆಟ್ಟಿಗೆ ಬಿಚ್ಚುತ್ತಿದ್ದ ಮಾವನೂ ನಕ್ಕರು. ಅಜ್ಜ ನಮ್ಮತ್ತ ನೋಡಲಿಲ್ಲ. ಸಮದುಃಖಿ ಸಿಕ್ಕಿದವರ ಹಾಗೆ ತಮ್ಮ ಗಡ್ಡವನ್ನು ನೀವಿಕೊಂಡರು. "ನಮ್ಮಲ್ಲಿಯೂ ಉಂಟು. ಅವಳು ಹೆರಿಗೆಗೆ ತವರಿಗೆ ಹೋಗಿದ್ದಾಳೆ. ಇನ್ನೂ ಸುದ್ದಿ ಬರಲಿಲ್ಲ. ಬಂದ ಮೇಲೆ ಇದನ್ನು ತೆಗೆಯುವುದು. ಅಷ್ಟರವರೆಗೆ ಮುಖಕ್ಕೆ ಕತ್ತಿ ತಾಗಿಸಬಾರದಲ್ಲ? ಇವರು ದಿನಾ ಎಂತದಾದರೂ ಹಿಡಿದುಕೊಂಡು ಬರ್ತಾರೆ. ಒಳ್ಳೆಯವರು. ಆದರೆ ಅರ್ಥ ಆಗುವುದಿಲ್ಲ."

ಹೆಂಡತಿ ಬಸುರಿಯಾದರೆ ಗಂಡ ತಲೆಗೂ ಮುಖಕ್ಕೂ ಕತ್ತಿ ತಾಗಿಸಬಾರದು, ಹೆರಿಗೆಯ ಸುದ್ದಿ ಬರುವ ತನಕ ಗಡ್ಡ ಬಿಡಬೇಕು ಎಂದು ನಮ್ಮವರಲ್ಲಿ ಒಂದು ಕಟ್ಟಳೆ. ಈಗ ಯಾರೂ ಪಾಲಿಸುವುದಿಲ್ಲ. ಪಾಲಿಸುವವರು ಒಬ್ಬರು ನಮ್ಮ ಮನೆಯಲ್ಲೇ ಮಳೆಗಾಲದಿಂದ ಕೂತಿದ್ದರು. ಅವರು ಕಬ್ಬಿಣ ಅಂದದ್ದು ಕತ್ತಿಗೇ; ಅದು ಚಿಪ್ಪಿನದ್ದೋ ಕಂಚಿನದ್ದೋ ಎಂಬುದರಲ್ಲಿ ಅವರಿಗೆ ಆಸಕ್ತಿಯೇ ಇರಲಿಲ್ಲ.

ಚಹಾ ತಂದ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ತಟ್ಟೆಯನ್ನು ಹೊಸಿಲ ಮೇಲೆಯೇ ಇಟ್ಟಳು.

"ನಾನು ಹುಟ್ಟುವಾಗ ಅಪ್ಪ ಗಡ್ಡ ಬಿಟ್ಟಿದ್ರೋ ಇಲ್ವೋ ನನಗೆ ಹೇಗೆ ಗೊತ್ತು," ಎಂದಳು ಮಾವನ ಹತ್ತಿರ, ಅಜ್ಜನಿಗೆ ಕೇಳದ ಹಾಗೆ. "ನಿನ್ನ ಸಲ ಬಿಟ್ಟಿದ್ರು. ನನಗೆ ಆ ಗಡ್ಡ ನೋಡಿದ್ರೆ ಹೆದರಿಕೆ ಆಗ್ತಿತ್ತು. ಈ ಮಳೆಗಾಲದಿಂದ ನೋಡ್ತಾ ಇದ್ದೇನೆ, ನೆನ್ಪೇ ಆಗ್ಲಿಲ್ಲ ನೋಡು."

ನಮ್ಮ ಮನೆಯಲ್ಲಿ ಯಾರೂ ಮಾತಾಡದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಮಾವ ಹುಟ್ಟಿದ ಮರುದಿನ ಅಜ್ಜಿ ತೀರಿಕೊಂಡರು, ತವರುಮನೆಯಲ್ಲೇ. ಗಂಡು ಮಗು ಎಂಬ ಸುದ್ದಿ ಉರ್ವಕ್ಕೆ ಬಂತು; ಅಜ್ಜ ಮುಖಕ್ಷೌರ ಮಾಡಿಕೊಳ್ಳುವ ಮೊದಲೇ ಅದರ ಬೆನ್ನಿಗೆ ಎರಡನೆಯ ಸುದ್ದಿಯೂ ಬಂತು. ಆ ಗಡ್ಡ ಇಳಿದದ್ದು ತಲೆಗೂದಲ ಜೊತೆ, ಕ್ರಿಯೆಗೆ ಕೂರುವಾಗ. ತಾಯಿಯಿಲ್ಲದ ಮಗುವನ್ನು ಎತ್ತಿಕೊಂಡು ಬೆಳೆಸಿದ್ದು ಇನ್ನೂ ಪ್ರೈಮರಿ ಶಾಲೆಗೆ ಹೋಗುತ್ತಿದ್ದ ಅಕ್ಕ, ನನ್ನ ಅಮ್ಮ. ಮಾವನ ಹುಟ್ಟುಹಬ್ಬವನ್ನು ನಾವು ಆಚರಿಸಿದ್ದಿಲ್ಲ. ಅದರ ಹಿಂದೆಯೇ ಅಜ್ಜಿಯ ಶ್ರಾದ್ಧ ಬರುತ್ತದೆ. ಹೀಗೆ ಹುಟ್ಟಿದ ಒಬ್ಬ ಮನುಷ್ಯ ಜೀವನವಿಡೀ ಅಪ್ಪನ ಎದುರು ಸ್ವಲ್ಪ ಪಕ್ಕಕ್ಕೆ ಸರಿದೇ ನಿಲ್ಲುತ್ತಿದ್ದರು. ಅಪ್ಪ ಒಂದು ದಿನಕ್ಕೂ ಏನೂ ಅಂದವರಲ್ಲ. ಅನ್ನದೆ ಇರುವುದನ್ನೂ ಮಕ್ಕಳು ಕೇಳಿಸಿಕೊಳ್ಳುತ್ತಾರೆ.

ಪಿಂಗಾಣಿಯ ಕತ್ತಿ ಪೆಟ್ಟಿಗೆಯಲ್ಲೇ ಉಳಿಯಿತು. ಮಾವ ಎರಡು ದಿನ ತಾತ್ಪರ್ಯ ಕೇಳಲಿಲ್ಲ. ಮೂರನೆಯ ದಿನ ಅಮ್ಮನೇ ಎತ್ತಿದಳು.

"ಹುಟ್ಟಿತು ಅಂತ ಹೇಳಿದ್ರೆ ಆಯ್ತಲ್ಲ."

"ಹೇಳಿದ ಕೂಡಲೇ ಎರಡನೆಯದ್ದು ನೆನ್ಪಾದ್ರೆ?" ಎಂದರು ಮಾವ. "ಆ ದುಃಖವನ್ನು ಒಂದು ಸಲ ಉಂಡಿದ್ದಾರೆ ಅವರು. ಇನ್ನೊಮ್ಮೆ ನಾನು ಬಡಿಸುವುದಾ, ಅಕ್ಕ?"

"ಗಡ್ಡ ಹಾಗೇ ಬಿಟ್ಟರೆ ನಂಜು ಏರಿ ಹೋಗ್ತಾರೆ."

ನಾನು ನಡುವೆ ಬಾಯಿ ಹಾಕಿದೆ. "ನಾನು ಹೇಳ್ತೇನೆ ಮಾವ. ಅಜ್ಜಿಯ ಅಣ್ಣನ ಸ್ವರ ಹೇಗಿತ್ತು ಅಂತ ಅಮ್ಮ ಹೇಳಲಿ, ಅದರಲ್ಲೇ ಹೇಳ್ತೇನೆ. ತವರುಮನೆಯಿಂದ ಬಂದ ಹಾಗೆ ಆಗ್ತದೆ."

ಮಾವ ನನ್ನ ತಲೆಯ ಮೇಲೆ ಕೈಯಿಟ್ಟರು. "ಬೇಡ ಮಾರಾಯ. ಹುಟ್ಟಿದವ ನಾನಲ್ವಾ. ನಾನೇ ಹೇಳ್ತೇನೆ."

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಹಿತ್ತಲಿನಿಂದ ಸುತ್ತು ಹಾಕಿ ಗೇಟಿನ ಹೊರಗೆ ಹೋದರು. ಆಚೆಯಿಂದ ಗೇಟು ತೆರೆದು, ಚಪ್ಪಲಿ ಕಳಚಿ, ದೂರ ನಡೆದು ಬಂದವರ ಹಾಗೆ ಮುಖ ಒರೆಸಿಕೊಳ್ಳುತ್ತಾ ಜಗಲಿ ಹತ್ತಿದರು. ನನಗೆ ಅಭಿನಯ ಗೊತ್ತು. ಅದು ಅಭಿನಯ ಅಲ್ಲ.

"ಸುದ್ದಿ ಬಂತು," ಎಂದರು.

ಅಜ್ಜ ಬೆಂಚಿನಿಂದ ಅರ್ಧ ಎದ್ದರು. "ಆಯ್ತಾ?"

"ಆಯ್ತು. ಗಂಡು ಮಗು."

"ಅವಳು?"

ಮಾವ ಕನ್ನಡಕ ತೆಗೆದರು. ಹಾಜರಿ ಕಡಿಮೆಯಿದ್ದ ಹುಡುಗರು ಕಾಲು ಹಿಡಿದರೂ ಒಂದು ದಿನ ಹೆಚ್ಚು ಬರೆದು ಕೊಡದ ಮನುಷ್ಯ, ಅಪ್ಪನ ಕಣ್ಣಿಗೆ ಕಣ್ಣಿಟ್ಟು ಹೇಳಿದರು: "ಕ್ಷೇಮ. ಬಾಣಂತಿ, ಮಗು, ಇಬ್ಬರೂ ಕ್ಷೇಮ."

ಅಜ್ಜ ಕಣ್ಣು ಮುಚ್ಚಿ, ದೇವಸ್ಥಾನವಿರುವ ದಿಕ್ಕಿಗೆ ಕೈ ಮುಗಿದರು. ಆಮೇಲೆ ಕೂತು, ತಲೆ ಹಿಂದಕ್ಕೆ ಒರಗಿಸಿ, ಗಲ್ಲ ಎತ್ತಿ ಕೊಟ್ಟರು.

ಬಿಸಿನೀರು ನಾನು ತಂದೆ. ಕತ್ತಿ ಅವರದ್ದೇ ಹಳೆಯದು, ಉಕ್ಕಿನದ್ದು. ಮಾವನ ಕೈಯಲ್ಲಿ ಅದು ಬಹಳ ನಿಧಾನ ಇಳಿಯಿತು; ಹುಣ್ಣಿನ ಅಂಚಿಗೆ ಬಂದಾಗಲೆಲ್ಲ ಅವರು ಕತ್ತಿ ಎತ್ತಿ, ಬೆರಳಲ್ಲಿ ಚರ್ಮ ಬಿಗಿದು, ಮತ್ತೆ ಇಳಿಸುತ್ತಿದ್ದರು. ನೊರೆಯ ಜೊತೆ ಬಿಳಿ ಕೂದಲು ಬಂತು, ಅದರ ಅಡಿಯಿಂದ ಒಂದು ಕೆನ್ನೆ ಬಂತು. ಬಡಕಲಾಗಿತ್ತು. ಕೆಂಪಾಗಿತ್ತು. ಆದರೆ ಅಜ್ಜನದ್ದೇ. ಮಾವ ಅದರ ಮೇಲೆ ಎಡ ಅಂಗೈಯಿಟ್ಟರು.

ಬಾಗಿಲಲ್ಲಿ ಅಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಅಜ್ಜ ಓರೆಗಣ್ಣಿನಲ್ಲಿ ಅವಳನ್ನು ಕಂಡರು.

"ಮಗಳೇ, ಅಳುವುದು ಎಂತಕ್ಕೆ? ನಿನಗೆ ತಮ್ಮ ಹುಟ್ಟಿದ್ದಲ್ವಾ?" ಎಂದರು. "ಒಳಗಿಂದ ಬೆಲ್ಲ ತಾ. ಸುದ್ದಿ ತಂದವರಿಗೆ ಬಾಯಿ ಸಿಹಿ ಮಾಡದೆ ಇರ್ತಾರಾ?"

ಅಮ್ಮ ಒಳಗೆ ಹೋಗಿ ಬಂದಳು. ಮಾವನ ಒಂದು ಕೈ ಅಪ್ಪನ ಕೆನ್ನೆಯ ಮೇಲಿತ್ತು, ಇನ್ನೊಂದರಲ್ಲಿ ಕತ್ತಿ, ಎರಡರಲ್ಲೂ ನೊರೆ. ಅವರು ಹಾಗೆಯೇ ಬಗ್ಗಿ ಬಾಯಿ ತೆರೆದರು. ಅಮ್ಮ ಬೆಲ್ಲದ ತುಂಡನ್ನು ತಮ್ಮನ ನಾಲಿಗೆಯ ಮೇಲೆ ಇಟ್ಟಳು.